ದಾಂಡೇಲಿಯಲ್ಲಿ ಕತ್ತೆತ್ತಿ ನಡೆದವರು

ಮಂಗಟ್ಟೆ ಹಕ್ಕಿ ಮೊದಲು ಕಿವಿಗೆ ಬೀಳುತ್ತದೆ, ಕಣ್ಣಿಗೆ ಆಮೇಲೆ. ಡಿಸೆಂಬರಿನ ಬೆಳಗು, ದಾಂಡೇಲಿಯ ಟಿಂಬರ್ ಡಿಪೋ. ಸಾಲಾಗಿ ಪೇರಿಸಿಟ್ಟ ದಿಮ್ಮಿಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಬೆನ್ನ ಹಿಂದೆ ಎಲ್ಲೋ ಉಗಿಬಂಡಿಯೊಂದು ಏದುಸಿರು ಬಿಡುತ್ತ ಏರು ಹತ್ತುತ್ತಿರುವಂಥ ಸದ್ದು ಕೇಳಿಸಿತು. ಮಗ ರೈಲು ಬಂತೆಂದೇ ತಿರುಗಿ ನೋಡಿದ. ಅಷ್ಟರಲ್ಲಿ ನಮ್ಮ ನೆತ್ತಿಯ ಮೇಲೆಯೇ ಐದಾರು ಮಂಗಟ್ಟೆಗಳು ಒಂದರ ಹಿಂದೊಂದು ಸಾಗಿದವು. ನಾಲ್ಕೈದು ಸಲ ರೆಕ್ಕೆ ಬಡಿದು, ಬಿಚ್ಚಿದ ರೆಕ್ಕೆಯಲ್ಲೇ ಒಂದಿಷ್ಟು ತೇಲಿ, ಮತ್ತೆ ಬಡಿದು ಹೋಗುವ ಹಾರಾಟ. ಕಪ್ಪು ರೆಕ್ಕೆಯ ಹಿಂದಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ. ಮೈಗಿಂತ ಮೊದಲು ತಾನೇ ಊರು ಸೇರುವೆನೆಂಬಂತೆ ಮುಂದೆ ಚಾಚಿದ ಹಳದಿ ಕೊಕ್ಕು, ಅದರ ಮೇಲೆ ಇನ್ನೊಂದು ಕೊಕ್ಕನ್ನೇ ಹೊತ್ತಂಥ ಕಿರೀಟ.

“ಇಷ್ಟು ಸದ್ದು ಯಾಕಮ್ಮ?” ಎಂದಳು ಏಳನೇ ಕ್ಲಾಸಿನ ಮಗಳು. ಬೇರೆ ಹಕ್ಕಿಗಳಿಗೆ ರೆಕ್ಕೆಯ ಅಡಿಯಲ್ಲಿ ಹಾರುಗರಿಗಳ ಬುಡ ಮುಚ್ಚುವಂತೆ ಸಣ್ಣ ಗರಿಗಳ ಹೊದಿಕೆ ಇರುತ್ತದೆ. ಮಂಗಟ್ಟೆಗಳಿಗೆ ಅದಿಲ್ಲ. ರೆಕ್ಕೆ ಬಡಿದಾಗಲೆಲ್ಲ ಗರಿಗಳ ಸಂದಿಯಿಂದ ಗಾಳಿ ನುಗ್ಗುತ್ತದೆ. ಆ ಗಾಳಿಯ ಸದ್ದೇ ನಮಗೆ ಕೇಳಿಸುವುದು. ಪುಸ್ತಕದಲ್ಲಿ ಓದಿದ್ದನ್ನೇ ಅವಳಿಗೆ ಹೇಳಿದೆ. ಆದರೆ ನೆತ್ತಿಯ ಮೇಲೆ ಆ ಸದ್ದು ಹಾದುಹೋದಾಗ ಮೈಮೇಲೆ ಮುಳ್ಳೇಳುತ್ತದೆ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಪ್ರವಾಸವೆಂದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ದಿಕ್ಕು. ಮಕ್ಕಳಿಗೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಆಗಬೇಕು. ಇವರಿಗೆ ಮೊಬೈಲ್ ಸಿಗ್ನಲ್ ಸಿಗದ ಜಾಗದಲ್ಲಿ ಮಧ್ಯಾಹ್ನದ ನಿದ್ದೆ ಆಗಬೇಕು. ಧಾರವಾಡದಲ್ಲಿರುವ ಅತ್ತೆಗೆ ಉಳವಿಯ ಚನ್ನಬಸವಣ್ಣನ ದರ್ಶನ ಆಗಬೇಕು. ನನಗೆ ಹಕ್ಕಿ. ಈ ನಾಲ್ಕೂ ಒಂದೇ ತಾಲ್ಲೂಕಿನ ಆಸುಪಾಸಿನಲ್ಲಿ ಸಿಗುವ ಜಾಗ ಕರ್ನಾಟಕದಲ್ಲಿ ಇನ್ನೊಂದಿದ್ದರೆ ನನಗೆ ಗೊತ್ತಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗಿ, ಅತ್ತೆಯನ್ನೂ ಅವರ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನೂ ಹತ್ತಿಸಿಕೊಂಡು ಹಳಿಯಾಳದ ದಾರಿ ಹಿಡಿದೆವು. ಹಳಿಯಾಳ ದಾಟಿದ ಮೇಲೆ ಬಯಲುಸೀಮೆ ಹಿಂದುಳಿದು ತೇಗ, ಬಿದಿರು ಶುರುವಾಗುತ್ತವೆ. ಎ.ಸಿ. ಆರಿಸಿ ಕಿಟಕಿ ಇಳಿಸಬೇಕು ಅನ್ನಿಸುವುದು ಅಲ್ಲೇ.

ಭಾರತದಲ್ಲಿ ಒಂಬತ್ತು ಬಗೆಯ ಮಂಗಟ್ಟೆಗಳಿವೆ. ಪಶ್ಚಿಮಘಟ್ಟದಲ್ಲಿ ಇರುವುದು ನಾಲ್ಕು: ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ, ಊರ ಕಡೆಯೂ ಸಿಗುವ ಸಾಮಾನ್ಯ ಬೂದು ಮಂಗಟ್ಟೆ. ದಾಂಡೇಲಿಯ ಸುತ್ತ ಈ ನಾಲ್ಕನ್ನೂ ನೋಡಬಹುದು. 2011ರಲ್ಲಿ ಸರ್ಕಾರ ಇಲ್ಲಿನ ಕಾಡಿನ ಒಂದು ಭಾಗವನ್ನು ಹಾರ್ನ್‌ಬಿಲ್ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಪಕ್ಕದ ಅಣಶಿ-ದಾಂಡೇಲಿ ಹುಲಿ ಮೀಸಲು ಪ್ರದೇಶಕ್ಕೆ 2015ರಲ್ಲಿ ಕಾಳಿ ಎಂದು ನದಿಯ ಹೆಸರೇ ಬಂತು. ಹುಲಿಯನ್ನು ನಂಬಿಕೊಂಡು ಬಂದವರು ಬರಿಗಣ್ಣಲ್ಲಿ ಹಿಂತಿರುಗುವುದೇ ಹೆಚ್ಚು. ಮಂಗಟ್ಟೆ ಹಾಗಲ್ಲ, ಪೇಟೆಯ ಅಂಚಿಗೇ ಬರುತ್ತದೆ.

ಡಿಪೋದ ಆ ಬೆಳಿಗ್ಗೆಯೇ ಕಪ್ಪು-ಬಿಳಿ ಮಂಗಟ್ಟೆಗಳ ಒಂದು ಜೋಡಿ ನೆಲಕ್ಕಿಳಿಯಿತು. ಇಷ್ಟು ದೊಡ್ಡ ಕೊಕ್ಕಿನ ಹಕ್ಕಿ ನೆಲದ ಮೇಲೆ ನಡೆಯುವುದಿಲ್ಲ, ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ದಿಮ್ಮಿ ಎಳೆದಾಡಿ ಸಡಿಲವಾದ ಕೆಂಪು ಮಣ್ಣಿನಲ್ಲಿ ಎದೆ ಊರಿ, ರೆಕ್ಕೆ ಹರವಿ, ಧೂಳೆಬ್ಬಿಸಿ ಹೊರಳಿದವು. ದಿಮ್ಮಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತ ನನ್ನ ಕ್ಯಾಮೆರಾದೊಳಗೆ ಹೆಣ್ಣಿನ ತಲೆ ತುಂಬಿಕೊಂಡಿತ್ತು. ಕಣ್ಣ ಸುತ್ತ ಬಿಳಿ ಚರ್ಮದ ಬಳೆ, ಗಂಡಿಗೆ ಅದಿಲ್ಲ. ಕಣ್ಣಿನ ಮೇಲೆ ರೆಪ್ಪೆಗೂದಲು! ಹಕ್ಕಿಗೆ ರೆಪ್ಪೆಗೂದಲೇ? ಅದು ಕೂದಲಲ್ಲ, ಎಳೆಯಂತೆ ಮಾರ್ಪಟ್ಟ ಗರಿ. ಉದ್ದಕ್ಕೆ, ಕಪ್ಪಗೆ, ಮೇಲಕ್ಕೆ ಬಾಗಿಕೊಂಡಿದ್ದ ಆ ಎಳೆಗಳ ಮೇಲೆ ಮಣ್ಣಿನ ಕಣ ಕೂತಿತ್ತು. ಅವಳು ಒಂದು ಸಲ ಕಣ್ಣು ಮುಚ್ಚಿ ತೆರೆದಳು, ಕಣ ಉದುರಿತು. ಮಗಳಿಗೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅದನ್ನು ದೊಡ್ಡದು ಮಾಡಿ ತೋರಿಸಿದೆ. ಆಕೆ ತುಂಬ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದೇ ದೊಡ್ಡ ಸುದ್ದಿ.

ಕಪ್ಪು-ಬಿಳಿ ಹಕ್ಕಿಯ ಚಿತ್ರ ತೆಗೆಯುವುದು ಸುಲಭವಲ್ಲ. ಕಪ್ಪಿಗೆ ಬೆಳಕು ಕೊಟ್ಟರೆ ಬಿಳಿ ಹೊಟ್ಟೆ ಸುಣ್ಣವಾಗುತ್ತದೆ, ಬಿಳಿಯನ್ನು ಕಾಪಾಡಿದರೆ ಕಪ್ಪು ಗರಿಗಳೆಲ್ಲ ಒಂದೇ ಮಸಿಯ ಮುದ್ದೆ. ಬಿಸಿಲು ಏರುವ ಮುಂಚಿನ ಮೆತ್ತನೆ ಬೆಳಕಷ್ಟೇ ಇದಕ್ಕೆ ಮದ್ದು. ಆ ಬೆಳಕಿಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಿ, ಸ್ವೆಟರ್ ಹಾಕಿ, ಹಾಲು ಕುಡಿಸಿ ಹೊರಡಿಸಬೇಕು. ಶಟರ್ ಸ್ಪೀಡಿನ ಬಗ್ಗೆ ಬರೆಯುವ ಗಂಡಸರು ಈ ಭಾಗ ಯಾಕೋ ಬರೆಯುವುದಿಲ್ಲ.

ದಾಂಡೇಲಿಯಿಂದ ಗಣೇಶಗುಡಿಗೆ ಹೋದೆವು. ಅಲ್ಲಿ ಕಾಳಿ ನದಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ಇದೆ, ಎತ್ತರ 101 ಮೀಟರ್. ಅದರ ಹಿಂದಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದೆ. ಸೂಪಾ ತಾಲ್ಲೂಕು ಅಂತಿದ್ದದ್ದು ಜೋಯಿಡಾ ತಾಲ್ಲೂಕಾಯಿತು. ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಮದ್ದುಗುಂಡು ಇಡುತ್ತಿದ್ದ ಕಟ್ಟಡ ಕಾಡೊಳಗೆ ಹಾಗೇ ಉಳಿಯಿತು. ಈಗ ಅದು ಜಂಗಲ್ ಲಾಡ್ಜಸ್‌ನವರ ‘ಓಲ್ಡ್ ಮ್ಯಾಗಜಿನ್ ಹೌಸ್’. ಕರ್ನಾಟಕದಲ್ಲಿ ಹಕ್ಕಿಯ ಚಿತ್ರ ತೆಗೆಯುವವರು ಒಮ್ಮೆಯಾದರೂ ಬಂದು ಹೋಗುವ ಜಾಗ. ಬೆಟ್ಟ ನಡುಗಿಸುವ ಸಿಡಿಮದ್ದು ಇಟ್ಟಿದ್ದ ಅಂಗಳದಲ್ಲಿ ಈಗ ಕುರ್ಚಿ ಎಳೆದ ಸದ್ದಾದರೂ ಪಕ್ಕದವರು ತಿರುಗಿ ನೋಡುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ, “ಊರ ಮುಳುಗಿಸಿ ಕರೆಂಟ್ ತಂದ್ರು, ಹಕ್ಕಿಗಾದ್ರೂ ಜಾಗಾ ಬಿಟ್ರಲ್ಲ, ಅಷ್ಟs ಪುಣ್ಯ” ಎಂದರು.

ಇಲ್ಲಿನ ಜಾದೂ ಇರುವುದು ಮರಗಳ ಕೆಳಗೆ ಇಟ್ಟ ನೀರಿನ ತೊಟ್ಟಿಗಳಲ್ಲಿ. ಅಂಗೈ ಮುಳುಗುವಷ್ಟು ನೀರು, ಮೇಲಿಂದ ತೊಟ್ಟಿಕ್ಕುವ ಹನಿ, ಸುತ್ತ ಪಾಚಿ ಹಿಡಿದ ಕಲ್ಲು. ಹಸಿರು ಬಲೆಯ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರಬೇಕು. ಮೂರು ಗಂಟೆಗೆ ಕೂತೆವು. ಮಗನಿಗೆ ಒಂದು ಕೆಲಸ ಒಪ್ಪಿಸಿದ್ದೆ: ತೊಟ್ಟಿಗೆ ಬಂದ ಹಕ್ಕಿ ಎಷ್ಟು ಸಲ ಮುಳುಗಿತು ಎಂದು ಬೆರಳು ಮಡಿಚಿ ಎಣಿಸುವುದು. ಎಣಿಸುವವರು ಮಾತಾಡುವಂತಿಲ್ಲ.

ಮೊದಲು ಹರಟೆಮಲ್ಲಗಳು ಬಂದವು. ಹೆಸರಿಗೆ ತಕ್ಕಂತೆ ನೆಲದ ತರಗೆಲೆ ಕೆದಕುತ್ತ, ಒಂದರ ಮೇಲೊಂದು ಬಿದ್ದು, ತೊಟ್ಟಿಯಲ್ಲಿ ಗಲಾಟೆ ಎಬ್ಬಿಸಿ ಹೋದವು. ಅವು ನೆಮ್ಮದಿಯಾಗಿ ಮಿಂದು ಹೋದದ್ದೇ ಉಳಿದವರಿಗೆ ಅಭಯ ಅಂತ ಕಾಣುತ್ತದೆ. ಹಳದಿ ಹುಬ್ಬಿನ ಪಿಕಳಾರ ಬಂತು, ಹಿಂದೆಯೇ ಕರಿತಲೆಯ, ಕೆಂಪುಗಂಟಲಿನ ಪಿಕಳಾರ. ಹಳದಿ ಮೈ, ಹಾಲಿನಂಥ ಬಿಳಿ ಕಣ್ಣು, ಗಂಟಲಲ್ಲಿ ಕೆಂಡದ ಕಿಡಿ. ಇದು ಗೋವಾದ ರಾಜ್ಯಪಕ್ಷಿ. ಗೋವಾದ ಗಡಿ ಇಲ್ಲಿಂದ ದೂರವಿಲ್ಲ, ಹಕ್ಕಿಗೆ ಗಡಿಯ ಹಂಗೂ ಇಲ್ಲ. ಆಮೇಲೆ ಪೊದೆಯ ಕತ್ತಲಿಂದ ಒಂದು ಪುಟ್ಟ ಹಕ್ಕಿ ನೆಲದ ಮೇಲೇ ಓಡಿ ಬಂತು. ಬೆನ್ನು ಕಡುನೀಲಿ, ಎದೆ ಕಿತ್ತಳೆ, ಹುಬ್ಬು ಬಿಳಿ. ನೀಲಿ ರಾಬಿನ್. ಇಪ್ಪತ್ತು ಗ್ರಾಮೂ ತೂಗದ ಈ ಜೀವ ಬೇಸಿಗೆಯಲ್ಲಿ ಹಿಮಾಲಯದಲ್ಲಿ ಮರಿ ಮಾಡುತ್ತದೆ, ಚಳಿ ಶುರುವಾದರೆ ದೇಶದ ಉದ್ದಕ್ಕೂ ಹಾರಿ ನಮ್ಮ ಘಟ್ಟಕ್ಕೆ ಬರುತ್ತದೆ. ಟೋಲ್ ಗೇಟು, ಊಟದ ಹೋಟೆಲ್ಲು, ಹಿಂದಿನ ಸೀಟಿನ ಜಗಳ ಎಂದು ಬೆಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಾವು ಸುಸ್ತಾಗಿದ್ದೆವು. ಅದು ತೊಟ್ಟಿಯ ಅಂಚಿಗೆ ಬಂದು ಬಾಲ ನಡುಗಿಸಿತು. ಒಂದು ಗುಟುಕು ಕುಡಿಯಿತು.

ಕಾಡಿನ ಅಡಿಯಲ್ಲಿ ನಾಲ್ಕು ಗಂಟೆಗೇ ಮುಸ್ಸಂಜೆ. ಐ.ಎಸ್.ಓ. 6400ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ ಎಂಬತ್ತನೇ ಒಂದು ಭಾಗಕ್ಕಿಂತ ಮೇಲೆ ಹೋಗದು. ಉಸಿರು ಬಿಗಿಹಿಡಿದು, ಬೀನ್ ಬ್ಯಾಗಿನ ಮೇಲೆ ಲೆನ್ಸ್ ಊರಿ, ಹಕ್ಕಿ ತಲೆ ಅಲ್ಲಾಡಿಸದ ಕ್ಷಣ ಕಾಯಬೇಕು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಒಂದು ರೋಲಿಗೆ 36 ಚಿತ್ರಗಳ ಕಾಲದಲ್ಲಿ ಇದನ್ನೆಲ್ಲ ಮಾಡಿದ್ದರು. ತೆಗೆದದ್ದು ಹೇಗೆ ಬಂದಿದೆಯೆಂದು ನೋಡಲು ರೋಲು ತೊಳೆಯುವ ತನಕ ಕಾಯುತ್ತಿದ್ದರು. ಈಗ ಒಂದು ಬೆರಳು ಒತ್ತಿದರೆ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ. ಆದರೂ ಬಿಳಿ ರಾಜಹಕ್ಕಿ ಬಂದಾಗ ನಮ್ಮ ಸಾಲಿನ ಕ್ಯಾಮೆರಾಗಳೆಲ್ಲ ಸೋತವು. ಕರಿಜುಟ್ಟು, ಬೆಳ್ಳಗಿನ ಮೈ, ಮೈಗಿಂತ ಉದ್ದದ ಎರಡು ಬಾಲದ ಪಟ್ಟಿ. ತೊಟ್ಟಿಯಲ್ಲಿ ಕೂತು ಮೀಯುವ ವ್ಯವಧಾನ ಅದಕ್ಕಿಲ್ಲ. ಕೊಂಬೆಯಿಂದ ನೆಗೆದು, ನೀರಿಗೆ ಎದೆ ತಾಗಿಸಿ, ಹನಿ ಚಿಮ್ಮುವಷ್ಟರಲ್ಲಿ ಮತ್ತೆ ಕೊಂಬೆಯಲ್ಲಿ. ಬಾಲ ಮಾತ್ರ ನಿಧಾನವಾಗಿ ಹಿಂದಿನಿಂದ ಬಂದು ಸೇರುತ್ತದೆ. ಮಗ ಎರಡೂ ಕೈಯ ಬೆರಳು ಮುಗಿದು ನನ್ನ ಬೆರಳು ಹಿಡಿದು ಎಣಿಸತೊಡಗಿದ. ನನ್ನ ಬಲಗೈ ಅವನ ಕೈಯಲ್ಲಿ. ಶಟರ್ ಒತ್ತುವಂತಿಲ್ಲ. ಹಾಗಾಗಿ ರಾಜಹಕ್ಕಿಯನ್ನು ಇಡಿಯಾಗಿ ನೋಡಿದ್ದು ನಾನೊಬ್ಬಳೇ ಇರಬೇಕು, ಉಳಿದವರು ಕಿಂಡಿಯಲ್ಲಿ ನೋಡಿದರು.

ಮನೆಮಂದಿಯ ಜೊತೆ ಹೋದರೆ ಹಕ್ಕಿಗಳು ಸಿಗುವುದಿಲ್ಲ ಎಂದು ನನ್ನ ಕ್ಯಾಮೆರಾ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಗುಂಪಿನ ಪ್ರವಾಸದಲ್ಲೂ ಹೋಗಿದ್ದೇನೆ. ನಸುಕಿಗೆ ಜೀಪು, ಒಂದು ಹಕ್ಕಿ ಸಿಕ್ಕಿದ ಕೂಡಲೇ ಮುಂದಿನದಕ್ಕೆ ಓಟ, ಸಂಜೆ ಊಟದ ಮೇಜಿನಲ್ಲಿ ಯಾರಿಗೆಷ್ಟು ‘ಲೈಫರ್’, ಅಂದರೆ ಬದುಕಿನಲ್ಲೇ ಮೊದಲ ಸಲ ಕಂಡ ಹಕ್ಕಿ, ಎಂಬ ಲೆಕ್ಕ. ಹಕ್ಕಿ ಸಿಗುತ್ತದೆ, ನಿಜ. ಅದು ಮೀಯುವುದನ್ನು, ಮೈಲಿಗಟ್ಟಲೆ ಹಾರಿ ಬಂದು ಒಂದೇ ಗುಟುಕು ಕುಡಿಯುವುದನ್ನು ನೋಡಲು ಯಾರಿಗೂ ಬಿಡುವಿರುವುದಿಲ್ಲ. ಮಕ್ಕಳು, ಅತ್ತೆ ಜೊತೆಗಿದ್ದರೆ ಹಕ್ಕಿಯ ಹಿಂದೆ ಓಡುವ ಮಾತೇ ಇಲ್ಲ. ಒಂದು ಕಡೆ ಕೂರಬೇಕು. ಕೂತಲ್ಲಿಗೆ ಏನು ಬರುತ್ತದೋ ಅದನ್ನು ಪೂರ್ತಿ ನೋಡಬೇಕು. ಕಾಡಿಗೂ ಇದೇ ಹಿತ.

ಮರುದಿನ ಬೆಳಿಗ್ಗೆ ಗೈಡ್ ಹುಡುಗ ಬಂದು, “ಮೇಡಂ, ಮಕ್ಕಳನ್ನ ಕರ್ಕೊಂಡು ಬನ್ನಿ, ಸದ್ದು ಮಾಡಬೇಡಿ” ಎಂದು ಬಿದಿರ ಮೆಳೆಯೊಂದರ ಬಳಿ ನಿಲ್ಲಿಸಿದ. ಬೆರಳು ತೋರಿಸಿದ ಕಡೆ ಒಣಗಿದ ಎಲೆಗಳಷ್ಟೇ ಇದ್ದವು. ಕಣ್ಣು ಪಳಗಿದ ಮೇಲೆ ಎರಡು ಎಲೆಗಳಿಗೆ ಮೀಸೆ ಕಂಡಿತು. ಕಪ್ಪೆಬಾಯಿ ಹಕ್ಕಿಯ ಜೋಡಿ! ಬೂದು ಬಣ್ಣದ್ದು ಗಂಡು, ಕಂದುಗೆಂಪು ಬಣ್ಣದ್ದು ಹೆಣ್ಣು. ರಾತ್ರಿ ಹುಳ ಹಿಡಿದು, ಹಗಲಿಡೀ ಹೀಗೆ ಒಂದಕ್ಕೊಂದು ಒತ್ತಿ, ಕೊಕ್ಕು ಮೇಲೆತ್ತಿ, ಒಣಗಿದ ಎಲೆಯಾಗಿಯೇ ಕೂರುತ್ತವೆ. ಅಗಲಬಾಯಿಯ ಸುತ್ತ ಬಿರುಸು ಕೂದಲಿನಂಥ ಗರಿಗಳು. ಹೆಣ್ಣಿನ ಕಣ್ಣು ಗೆರೆಯಷ್ಟು ತೆರೆದಿತ್ತು. ನಮ್ಮನ್ನು ನೋಡುತ್ತಿದ್ದದ್ದು ಖಂಡಿತ. ಎರಡು ನಿಮಿಷ ಆಗುತ್ತಿದ್ದಂತೆ ಹುಡುಗ ವಾಚು ನೋಡಿ, “ಸಾಕು, ಹೋಗೋಣ” ಎಂದ. ಫ್ಲಾಶ್ ಹಾಕುವವರನ್ನೂ ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿ ಕರೆಸುವವರನ್ನೂ ಇಲ್ಲಿಗೆ ಕರೆತರುವುದೇ ಇಲ್ಲವಂತೆ. ನನ್ನ ಚಿತ್ರಗಳಿಗಿಂತ ಮಗಳು ಆಮೇಲೆ ನೋಟ್‌ಬುಕ್ಕಿನಲ್ಲಿ ಬಿಡಿಸಿದ ಚಿತ್ರವೇ ಚೆನ್ನಾಗಿತ್ತು, ಅದರಲ್ಲಿ ಮೀಸೆ ಎದ್ದು ಕಾಣುತ್ತಿತ್ತು.

ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ನೆಚ್ಚಿಕೊಂಡಿದೆ. ನೀರು ಬಿಟ್ಟ ದಿನ ಮೂವರೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು ಹೋದರು. ಅತ್ತೆ ಮತ್ತು ನಾನು ದಂಡೆಯ ಬಂಡೆಯ ಮೇಲೆ ಉಳಿದೆವು. ನೀರಿನ ಮೇಲೆ ಬಾಗಿದ ಕೊಂಬೆಯ ನೆರಳಲ್ಲಿ ನೀಲಿಗಿವಿಯ ಮಿಂಚುಳ್ಳಿ ಕೂತಿತ್ತು. ಕೆರೆಯಂಗಳದಲ್ಲಿ ನಾವು ದಿನಾ ಕಾಣುವ ಮಿಂಚುಳ್ಳಿಗೆ ಕಣ್ಣಿನ ಹಿಂದೆ ಕಂದುಗೆಂಪು ಪಟ್ಟೆ ಇರುತ್ತದೆ. ಇದಕ್ಕೆ ಅಲ್ಲಿಯೂ ನೀಲಿ. ಎಂಥ ನೀಲಿ ಅಂತೀರಿ! ಕೊಂಬೆಯ ನೆರಳಲ್ಲಿ ಕಪ್ಪು, ಒಂದು ಬಿಸಿಲಕೋಲು ತಾಗಿದರೆ ಒಳಗಿಂದ ದೀಪ ಹಚ್ಚಿದಂತೆ ಉರಿಯುವ ನೀಲಿ. ನೀರಿಗೆ ಬಿದ್ದು ಮೀನು ಕಚ್ಚಿ ತಂದು, ಕೊಂಬೆಗೆ ಎರಡು ಸಲ ಬಡಿದು, ತಲೆ ಮುಂದಾಗಿ ನುಂಗಿತು. ಕ್ಯಾಮೆರಾ ಒತ್ತುತ್ತಲೇ ಇದ್ದೆ. ಅದೇ ಹೊತ್ತಿಗೆ ನಮ್ಮವರ ರಾಫ್ಟ್ ಕೂಗುತ್ತ ಹಿಂದಿನಿಂದ ಹಾದುಹೋಯಿತು. ಮಿಂಚುಳ್ಳಿ ಚೂಪಾಗಿ ಮೂಡಿ, ಹಿನ್ನೆಲೆಯಲ್ಲಿ ಮೂರು ಕಿತ್ತಳೆ ಮುದ್ದೆಗಳು ಕಲಸಿಕೊಂಡಿರುವ ಆ ಚಿತ್ರವನ್ನು ಯಾವ ಸ್ಪರ್ಧೆಯವರೂ ಒಪ್ಪಲಾರರು. ನಮ್ಮ ಹಾಲಿನ ಗೋಡೆಯಲ್ಲಿ ಅದೇ ಇದೆ.

ಇನ್ನು ದೊಡ್ಡ ಮಂಗಟ್ಟೆ. ಅದನ್ನು ಕಂಡದ್ದು ನಾನಲ್ಲ, ಅತ್ತೆ.

ಉಳವಿಗೆ ಹೋಗುವ ದಾರಿ ಜೋಯಿಡಾ, ಕುಂಬಾರವಾಡ ದಾಟಿ ದಟ್ಟ ಕಾಡಿನಲ್ಲಿ ಸುತ್ತುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಉತ್ತರ ಕರ್ನಾಟಕದ ರೈತರು ಈ ದಾರಿಯಲ್ಲಿ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಕಲ್ಯಾಣದ ಗಲಭೆಯ ನಂತರ ಚನ್ನಬಸವಣ್ಣ ಮತ್ತು ಶರಣರು ಬಂದು ನೆಲೆಸಿದ್ದು ಇಲ್ಲಿ ಎಂದು ನಂಬಿಕೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಅಕ್ಕನಾಗಮ್ಮನ ಗವಿಯ ಕಥೆ ಹೇಳುತ್ತಿದ್ದರು. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ದೂರದ್ದೆಲ್ಲ ನಮಗಿಂತ ಸ್ಪಷ್ಟ. ಕಥೆ ನಡುವೆಯೇ ನಿಲ್ಲಿಸಿ, “ಗಾಡಿ ನಿಂದರಸೋ. ಅಲ್ಲಿ ಮ್ಯಾಲ ನೋಡವಾ, ಏನೋ ಕರ್ರಗ ಕುಂತೈತಿ, ಬಣ್ಣ ಹಚ್ಚಿದ ಹಂಗ” ಎಂದರು.

ಹಣ್ಣು ಬಿಟ್ಟ ಗೋಳಿ ಮರ. ಅದರ ತುದಿಯಲ್ಲಿ ದೊಡ್ಡ ಮಂಗಟ್ಟೆಯ ಗಂಡು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಹೆಚ್ಚುಕಡಿಮೆ ನಮ್ಮ ಮಗನ ಎತ್ತರ. ಕಣ್ಣು ಕೆಂಪು, ಹೆಣ್ಣಾಗಿದ್ದರೆ ಬಿಳಿ. ಅತ್ತೆ ಹೇಳಿದ ‘ಬಣ್ಣ ಹಚ್ಚಿದ ಹಂಗ’ ಎಂಬುದು ಅಕ್ಷರಶಃ ನಿಜ. ಈ ಹಕ್ಕಿಯ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯಿದೆ. ಅದರಿಂದ ಬರುವ ಹಳದಿ ಎಣ್ಣೆಯನ್ನು ತಲೆ ಉಜ್ಜಿಕೊಂಡು ಕೊಕ್ಕಿಗೆ, ಕಿರೀಟಕ್ಕೆ, ಕುತ್ತಿಗೆಯ ಬಿಳಿ ಗರಿಗೆ ತಾನೇ ಬಳಿದುಕೊಳ್ಳುತ್ತದೆ. ಇಂಜಿನ್ ಆರಿಸಿದೆವು. ಇವರು ಚಾದರ ಮಡಿಚಿ ಕಿಟಕಿಯ ಮೇಲಿಟ್ಟರು, ಅದರ ಮೇಲೆ ಲೆನ್ಸ್ ಇಟ್ಟೆ. ಕಾರಿನಿಂದ ಇಳಿಯಲಿಲ್ಲ, ಕಾರನ್ನು ಸಹಿಸುವ ಹಕ್ಕಿ ಮನುಷ್ಯನ ಆಕಾರ ಕಂಡರೆ ಹಾರುತ್ತದೆ.

ಅದು ತಿನ್ನುವ ರೀತಿಯನ್ನು ನೋಡಬೇಕು. ಅಷ್ಟು ಭಾರದ ಕೊಕ್ಕಿನ ತುದಿಯಲ್ಲಿ ಒಂದು ಸಣ್ಣ ಹಣ್ಣನ್ನು ಜಜ್ಜದೆ ಕೀಳುತ್ತದೆ. ನಾಲಿಗೆ ಗಿಡ್ಡ, ಹಣ್ಣನ್ನು ಒಳಗೆ ಎಳೆದುಕೊಳ್ಳಲಾಗದು. ಅದಕ್ಕೇ ಕತ್ತು ಹಿಂದಕ್ಕೆ ಚಿಮ್ಮಿಸಿ ಹಣ್ಣನ್ನು ಗಾಳಿಗೆ ಎಸೆದು ಗಂಟಲಿಗೇ ಬೀಳಿಸಿಕೊಳ್ಳುತ್ತದೆ. ಒಂದೂ ತಪ್ಪಲಿಲ್ಲ. ಈ ಕೊಕ್ಕಿನ ಭಾರ ಹೊರಲೆಂದೇ ಮಂಗಟ್ಟೆಯ ಕತ್ತಿನ ಮೊದಲ ಎರಡು ಮೂಳೆಗಳು ಒಂದಾಗಿ ಬೆಸೆದುಕೊಂಡಿರುತ್ತವೆ. ಹಣ್ಣು ಗಾಳಿಯಲ್ಲಿದ್ದ ಕ್ಷಣದ ಚಿತ್ರ ನನಗೆ ಸಿಕ್ಕಿತು: ತೆರೆದ ಕೊಕ್ಕು, ಕೆಂಪು ಕಣ್ಣು, ನಡುವೆ ತೇಲುವ ಗೋಳಿಹಣ್ಣು. ಮಕ್ಕಳು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ತಾವೇ ತಡೆದುಕೊಂಡರು. ತಿಂದ ಹಣ್ಣಿನ ಬೀಜ ಮೈಲಿಯಾಚೆ ಬಿದ್ದು ಮರವಾಗುತ್ತದೆ. ಈ ದಾರಿಯ ಎಷ್ಟು ಮರಗಳು ಹೀಗೆ ಹುಟ್ಟಿವೆಯೋ!

ಉಳವಿಯಲ್ಲಿ ದರ್ಶನ ಮುಗಿಸಿ ರೊಟ್ಟಿಯ ಗಂಟು ಬಿಚ್ಚಿದಾಗ ಅತ್ತೆಗೆ ಮಂಗಟ್ಟೆಯ ಸಂಸಾರದ ಕಥೆ ಹೇಳಿದೆ. ಮರದ ಪೊಟರೆಯೊಳಗೆ ಹೆಣ್ಣು ಸೇರಿಕೊಂಡು ಬಾಗಿಲನ್ನು ಒಳಗಿನಿಂದ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಮುಚ್ಚಿಬಿಡುತ್ತದೆ, ಕೊಕ್ಕಿನ ತುದಿ ತೂರುವಷ್ಟು ಸೀಳು ಬಿಟ್ಟು. ಒಳಗೆ ಕೂತು ಹಾರುಗರಿಗಳನ್ನೂ ಉದುರಿಸುತ್ತದೆ, ಹಾರಲು ಶಕ್ತಿಯಿಲ್ಲ. ತಿಂಗಳುಗಟ್ಟಲೆ ಗಂಡೇ ಗಂಟಲಲ್ಲಿ ಹಣ್ಣು ತುಂಬಿ ತಂದು, ಒಂದೊಂದಾಗಿ ಹೊರತೆಗೆದು ಸೀಳಿನಿಂದ ಕೊಡಬೇಕು. ಅತ್ತೆ ತಮ್ಮ ಮಗನ ಕಡೆ ನೋಡಿ, “ಕೇಳಿದ್ಯೇನೋ? ಅದರ ಬಾಣಂತನಾ ಗಂಡs ಮಾಡತೈತಿ” ಎಂದರು. ಇವರು ಮಾತಾಡದೆ ಮಜ್ಜಿಗೆ ಕುಡಿದರು.

ಆ ಗಂಡು ಹಕ್ಕಿ ಬರದೇ ಹೋದರೆ ಒಳಗಿರುವ ತಾಯಿಗೂ ಮರಿಗೂ ಉಪವಾಸವೇ. ಗೂಡಿನ ಮರದ ಕೆಳಗೆ ಕ್ಯಾಮೆರಾ ಹಿಡಿದ ಗುಂಪು ನಿಂತರೆ ಅದು ಹಣ್ಣು ಹೊತ್ತು ಬಂದರೂ ಇಳಿಯಲು ಹೆದರಿ ದೂರದ ಕೊಂಬೆಯಲ್ಲೇ ಕೂರುತ್ತದೆ. ಆದ್ದರಿಂದ ಜನವರಿಯಿಂದ ಮೇ ತನಕ ಆ ಕಡೆ ಹೋಗುವವರು ಗೂಡು ತೋರಿಸಿ ಎಂದು ಗೈಡನ್ನು ಪೀಡಿಸಬೇಡಿ. ತಾನಾಗಿ ತೋರಿಸುತ್ತೇನೆಂದರೂ ಬೇಡವೆನ್ನಿ. ಹಣ್ಣು ಬಿಟ್ಟ ಗೋಳಿ, ಬಸರಿ, ಅತ್ತಿ ಮರ ಹುಡುಕಿ, ದೂರದಲ್ಲಿ ಗಾಡಿ ನಿಲ್ಲಿಸಿ, ಒಳಗೇ ಕೂತು ಕಾಯಿರಿ. ಫ್ಲಾಶ್ ಮನೆಯಲ್ಲೇ ಬಿಟ್ಟು ಬನ್ನಿ. ಮನೆಯಲ್ಲಿ ಕಣ್ಣಿನ ಪೊರೆ ತೆಗೆಸಿದ ಹಿರಿಯರಿದ್ದರೆ ಅವರನ್ನು ಬಿಡಬೇಡಿ, ಮುಂದಿನ ಸೀಟು ಅವರಿಗೇ ಕೊಡಿ.